ಮೂರೂರು ಕೂಡಿದ ಹುಲ್ಲಿನ ಯಂತ್ರ

ಕುಂಬ್ರದಲ್ಲಿ ನನ್ನ ಅಪ್ಪ ಮಹಾಬಲ ರೈ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾರೆ. ಸುಳ್ಯದಲ್ಲಿ ತೀರ್ಥರಾಮ ಗೌಡರ ಲೇತು ಆ ನಕ್ಷೆಯಂತೆ ಶಾಫ್ಟ್ ಕಡೆಯುತ್ತದೆ. ಕಡಬದಲ್ಲಿ ಹೈದರಾಕ ಬ್ಲೇಡಿನ ಚಕ್ರಕ್ಕೆ ತೂತು ಕೊರೆದು ಎಲ್ಲವನ್ನೂ ಜೋಡಿಸುತ್ತಾರೆ. ಹುಟ್ಟುವುದು ದನಗಳಿಗೆ ಹುಲ್ಲು ಕತ್ತರಿಸುವ ಯಂತ್ರ. ಒಂದೇ ಕೂಸಿಗೆ ಮೂರು ತವರು.

ಕೊಯಿಲದ ಕಡೆಯ ಹಾಲಿನ ಸೊಸೈಟಿಯ ಅಧ್ಯಕ್ಷೆ ಪಂಕಜಾಕ್ಷಿ ಅಕ್ಕನಿಗೆ ಯಂತ್ರ ಹಿಡಿಸಿತ್ತು, ತವರಿನ ಲೆಕ್ಕ ಹಿಡಿಸಿರಲಿಲ್ಲ.

"ಹಾಳಾದ್ರೆ ನಾನು ಯಾರಿಗೆ ಫೋನ್ ಮಾಡುದು? ನೀವು ಒಬ್ಬರನ್ನೊಬ್ಬರು ತೋರಿಸ್ತಾ ಕೂತುಕೊಳ್ತೀರಿ. ಶನಿವಾರ ಓಡಿಸಿ ತೋರಿಸಿ. ಆಗದಿದ್ರೆ ಹೊರಗಿನ ಕಂಪನಿಯದ್ದು ತರಿಸುದು."

ತೊಂದರೆಯ ಮೂಲ ನಮಗೂ ಗೊತ್ತಿತ್ತು. ಮೂವರ ಕಂಪ್ಯೂಟರುಗಳಿಗೆ ಪರಸ್ಪರ ಮಾತಿಲ್ಲ. ಎಲ್ಲವನ್ನೂ ಎಸೆದು ಒಂದೇ ಸಾಫ್ಟ್‌ವೇರ್ ಕೊಳ್ಳಿ ಎಂದು ಒಬ್ಬರು ಸಲಹೆ ಕೊಟ್ಟಾಗ ತೀರ್ಥರಾಮಣ್ಣ, "ನನ್ನ ಲೇತಿಗೆ ನನ್ನ ಮಾತು ತಿಳಿಯಲಿಕ್ಕೇ ವರ್ಷಗಟ್ಟಲೆ ಹಿಡಿಯಿತು ಮಾರಾಯ್ರೆ. ಇನ್ನು ಪುನಃ ಒಂದನೇ ಕ್ಲಾಸಿಗೆ ಸೇರಿಸುದಾ?" ಎಂದಿದ್ದರು.

ಹಾಗಾಗಿ ನಾನು ನಡುವೆ ಒಂದು ಪ್ರೋಗ್ರಾಂ ಕೂರಿಸಿದೆ. ಯಾರೂ ತಮ್ಮದನ್ನು ಬಿಡಬೇಕಿಲ್ಲ. ಒಬ್ಬರು ಅಳತೆ ಬದಲಿಸಿದರೆ ಅದು ಉಳಿದಿಬ್ಬರಿಗೆ ಅವರವರ ಯಂತ್ರದ ಭಾಷೆಯಲ್ಲೇ ಸುದ್ದಿ ಮುಟ್ಟಿಸುತ್ತದೆ. ಒಂದೇ ಬಸ್ಸಿನಲ್ಲಿ ತುಳು, ಅರೆಭಾಷೆ, ಬ್ಯಾರಿ ಮೂರನ್ನೂ ಕೇಳಿ ಬೆಳೆದವಳಿಗೆ ಇದು ಹೊಸ ವಿದ್ಯೆಯೇನಲ್ಲ. ಜೊತೆಗೆ, ಕಾಲೇಜಿನಿಂದ ಬಿಡದ ಮಿಮಿಕ್ರಿಯ ಚಟವೊಂದಿತ್ತು. ಸುದ್ದಿ ಕಳಿಸಿದವರ ದನಿಯನ್ನು ನಾನೇ ಅಣಕಿಸಿ ಫೋನಿಗೆ ತುಂಬಿದೆ. ಹೈದರಾಕನ ಫೋನಿನಲ್ಲಿ ತೀರ್ಥರಾಮಣ್ಣ ಎರಡು ಸಲ ಕೆಮ್ಮಿ, "ಅಳತೆ ಬದಲಾಯ್ತು, ನೋಡಿ" ಎನ್ನುತ್ತಿದ್ದರು. ಪಾಪ, ಸುಳ್ಯದಲ್ಲಿದ್ದ ತೀರ್ಥರಾಮಣ್ಣನಿಗೆ ಇದು ತಿಳಿದಿರಲಿಲ್ಲ.

ಗುರುವಾರ ಎಲ್ಲರೂ ಕಡಬದಲ್ಲಿ ಸೇರಿ ಜೋಡಿಸಿದಾಗ ಚಕ್ರ ಶಾಫ್ಟಿನ ಮೇಲೆ ಲಟಲಟ ಅಲ್ಲಾಡಿತು. ಬ್ಲೇಡ್ ಕಟ್ಟಿದ ಚಕ್ರ ಅಲ್ಲಾಡುವುದೆಂದರೆ ಆಟವಲ್ಲ.

ಆದದ್ದಿಷ್ಟು. ಕೊರೆದ ತೂತು ಅಳತೆಗಿಂತ ಒಂಚೂರು ಬಿಗಿ ಎಂದು ಹೈದರಾಕ ಫೋನಿನಲ್ಲಿ ಬರೆದಿದ್ದರು. ಸುದ್ದಿ ಸಿಕ್ಕಿದ ಕೂಡಲೇ ತೀರ್ಥರಾಮಣ್ಣ ಶಾಫ್ಟನ್ನು ಸಪೂರ ಮಾಡಿದರು. ಅದೇ ಹೊತ್ತಿಗೆ ಗೌಡರಿಗೆ ಯಾಕೆ ತೊಂದರೆ ಎಂದು ಹೈದರಾಕ ತೂತನ್ನೇ ದೊಡ್ಡದು ಮಾಡಿದರು.

"ತಪ್ಪು ನನ್ನದೇ," ಎಂದರು ತೀರ್ಥರಾಮಣ್ಣ.

"ಛೆ, ನನ್ನದು ಗೌಡ್ರೆ. ನಿಮ್ಮದೆಂತದು?"

"ತಪ್ಪಿಗೂ ಏಲಂ ಕೂಗುದಾ ನೀವು?" ಎಂದರು ಅಪ್ಪ. "ಮೊದಲು ಚಕ್ರ ನಿಲ್ಲಿಸಿ." ಮತ್ತೆ ನನ್ನ ಕಿವಿಯಲ್ಲಿ ಮೆಲ್ಲಗೆ, "ಸುಪ್ರಿತಾ, ನಿನ್ನ ಮಿಮಿಕ್ರಿಯಿಂದ ಇದು ಸರಿಯಾಗ್ತದಾ?"

ನನಗೆ ನೆನಪಾದದ್ದು ತೋಡಿನ ಮೇಲಿನ ಸಂಕ. ಅಡಿಕೆ ಮರದ ಆ ಕಿರುಸೇತುವೆಯಲ್ಲಿ ಒಬ್ಬರು ಕಾಲಿಟ್ಟರೆ ಅವರು ದಾಟುವವರೆಗೆ ಇನ್ನೊಬ್ಬರು ಆಚೆ ದಡದಲ್ಲೇ ನಿಲ್ಲುತ್ತಾರೆ. ನನ್ನ ಪ್ರೋಗ್ರಾಂ ಇಬ್ಬರನ್ನೂ ಒಟ್ಟಿಗೆ ಸಂಕಕ್ಕೆ ಹತ್ತಿಸಿತ್ತು. ಅಲ್ಲೇ ಕೂತು ಅದಕ್ಕೆ ಕಾಯುವುದನ್ನು ಕಲಿಸಿದೆ. ಒಬ್ಬರು ಕೆಲಸಕ್ಕೆ ಕೈ ಹಾಕಿದರೆ ಮುಗಿಯುವವರೆಗೆ ಇನ್ನೊಬ್ಬರಿಗೆ ತಡೆ.

ಶುಕ್ರವಾರ ತೀರ್ಥರಾಮಣ್ಣ ಸುಳ್ಯದಲ್ಲಿ ಆ ದೊಡ್ಡ ತೂತಿನ ಅಳತೆಗೆ ಹೊಸ ಶಾಫ್ಟ್ ಕಡೆಯತೊಡಗಿದರು. ಕಡಬದಲ್ಲಿ ಹೈದರಾಕನ ಕೈ ತಡೆಯಲಿಲ್ಲ. ತೂತನ್ನು ಒಂಚೂರು ಉಜ್ಜುವ ಎಂದು ಅರ ಎತ್ತಿಕೊಂಡು ಫೋನಿನಲ್ಲಿ ಬರೆದರು. ಫೋನು ಕೆಮ್ಮಿತು: "ಸಂಕದಲ್ಲಿ ನಾನುಂಟು. ಅಲ್ಲೇ ನಿಲ್ಲಿ."

"ಆಯ್ತು ಗೌಡ್ರೆ," ಎಂದು ಹೈದರಾಕ ಅರ ಕೆಳಗಿಟ್ಟರು.

ಸಂಜೆ ಬಸ್ಸಿನಲ್ಲಿ ಬಂದ ಶಾಫ್ಟ್ ತೂತಿಗೆ ಹೊಕ್ಕು ಗಟ್ಟಿಯಾಗಿ ಕೂತಿತು. ಸುತ್ತಿಗೆ ಮುಟ್ಟಬೇಕಾಗಲಿಲ್ಲ. ಕೆಲಸದ ಹೊತ್ತು ಒಬ್ಬರ ಮುಖ ಇನ್ನೊಬ್ಬರು ನೋಡದೆ ಮೂರೂರಲ್ಲಿ ಮಾಡಿದ್ದು ಕೂದಲೆಳೆ ಬಿಡದೆ ಸೇರಿತ್ತು. ಹೈದರಾಕ ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತ ಕೂತರು, ಸಾಕೆನ್ನುವಷ್ಟು ಹೊತ್ತು.

ಶನಿವಾರ ಪಂಕಜಾಕ್ಷಿ ಅಕ್ಕ ತಾವೇ ಕಟ್ಟುಗಟ್ಟಲೆ ಹುಲ್ಲು ತುರುಕಿದರು. ಯಂತ್ರ ಉಸಿರು ಬಿಗಿಹಿಡಿಯದೆ ತಿಂದಿತು, ಹಿಡಿದದ್ದು ನಾವು.

"ಓಡಿತು, ಸರಿ. ಹಾಳಾದ್ರೆ?"

"ಮೂವರಲ್ಲಿ ಯಾರಿಗೆ ಹೇಳಿದ್ರೂ ಆಗ್ತದೆ ಅಕ್ಕ," ಎಂದರು ತೀರ್ಥರಾಮಣ್ಣ.

ಅಕ್ಕ ಅಲ್ಲೇ ಪರೀಕ್ಷೆಗಿಳಿದರು. ಬೋಲ್ಟ್ ಸಡಿಲ ಎಂದು ತೀರ್ಥರಾಮಣ್ಣನಿಂದ ಬರೆಸಿದರು. ಅಪ್ಪನ ಕಿಸೆ, ಹೈದರಾಕನ ಕಿಸೆ ಎರಡೂ ಒಟ್ಟಿಗೆ ಕೆಮ್ಮಿದವು.

ತೀರ್ಥರಾಮಣ್ಣ ಕಿಸೆಗಳನ್ನು ನೋಡಿದರು, ನನ್ನನ್ನು ನೋಡಿದರು. ಅಪ್ಪ ನನ್ನ ಮುಂದೆ ಬಂದು ನಿಂತು, "ನನ್ನ ಮಗಳೇ ಮಾಡಿದ್ದು. ಪ್ರೋಗ್ರಾಮೂ, ಕೆಮ್ಮೂ," ಎಂದರು.

ಪಂಕಜಾಕ್ಷಿ ಅಕ್ಕ ನಗು ನಿಲ್ಲಿಸಿ, "ಸೊಸೈಟಿಯ ಎಲ್ಲ ಮನೆಗೂ ಇದೇ ಇರಲಿ," ಎಂದರು.

ತೀರ್ಥರಾಮಣ್ಣ ಗಂಭೀರವಾಗಿ ತಲೆಯಾಡಿಸಿದರು. "ಆದರೆ ಸುಪ್ರಿತಾ, ನಾನು ಎರಡು ಸಲ ಕೆಮ್ಮುದಿಲ್ಲ," ಎಂದರು. ಹಾಗೆಂದು ಎರಡು ಸಲ ಕೆಮ್ಮಿದರು.