ಸೊಸೆಗಿಲ್ಲದ ಆಡುಸೋಗೆ ಕಷಾಯ

ಕೆಮ್ಮು ಅಂದರೆ ಆ ಬೀದಿಯವರಿಗೆ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಕಷಾಯಮ್ಮ. ಆಕೆಯ ಹಿತ್ತಲಲ್ಲಿ ಆಡುಸೋಗೆ ಆಳೆತ್ತರ ಬೆಳೆದಿತ್ತು. ಎಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು ಬೆರೆಸಿ ಕಫ ಕಟ್ಟಿದವರಿಗೆ ಕೊಡುತ್ತಿದ್ದಳು, ಕಾಳುಮೆಣಸು ಹಾಕಿ ಕುದಿಸಿ ಉಬ್ಬಸದವರಿಗೆ ಕೊಡುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಆಕೆಯೆದುರು ಆಡಿ ಬದುಕಿ ಬಂದವರಿಲ್ಲ.

ಅಂಥವಳ ಮನೆಯಲ್ಲೇ ಸೊಸೆ ಒಂದು ವಾರದಿಂದ ಕೆಮ್ಮುತ್ತಿದ್ದಳು. ಕಷಾಯಮ್ಮ ಬಿಸಿನೀರು ಕೊಟ್ಟಳು, ಬೆನ್ನು ನೀವಿದಳು, ಆಡುಸೋಗೆ ಮಾತ್ರ ಮುಟ್ಟಲಿಲ್ಲ. ಕಾರಣವಿತ್ತು. ಹಾಲು ಉಕ್ಕಿದ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡು ಬಚ್ಚಲಿಗೆ ಓಡಿದ್ದನ್ನು ಆಕೆ ಕಂಡಿದ್ದಳು. ಬಸುರಿಯ ಹೊಟ್ಟೆಗೆ ಆಡುಸೋಗೆ ಹೋಗಬಾರದು, ಗರ್ಭ ಜಾರೀತು ಎಂದು ಆಕೆಯ ಅಜ್ಜಿ ಕಿವಿ ಹಿಂಡಿ ಕಲಿಸಿದ್ದಳು.

ಹೋದ ಸಲ ಸುದ್ದಿ ಮನೆಮನೆಗೂ ಮುಟ್ಟಿದ ಮೇಲೆ ಬಸಿರು ನಿಲ್ಲಲಿಲ್ಲ. ಸಮಾಧಾನ ಹೇಳಲು ಬಂದವರ ಮುಂದೆಲ್ಲ ಸೊಸೆ ತಲೆ ತಗ್ಗಿಸಿ ಕೂತಿದ್ದಳು. ಈ ಸಲ ಗಂಡನಿಗೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರಿಗೆ ತೋರಿಸು ಎಂದು ಅತ್ತೆ ಅಂದರೆ, ಗಂಡ ಜೊತೆಗೆ ಬಂದು ಗುಟ್ಟು ರಟ್ಟಾದೀತೆಂದು ನಾಳೆ, ನಾಡಿದ್ದು ಎನ್ನುತ್ತಿದ್ದಳು. ಅವಳಾಗಿ ಹೇಳುವ ತನಕ ತನ್ನ ಬಾಯಿಗೂ ಬೀಗ ಎಂದು ಅತ್ತೆ ತೀರ್ಮಾನಿಸಿಬಿಟ್ಟಳು.

ಬೀದಿ ಸುಮ್ಮನಿದ್ದೀತೇ? "ಸೊಸೆ ಅಂದ್ರೆ ಕಷಾಯಕ್ಕೂ ಬರ ನೋಡಿ," ಎಂದು ಪಕ್ಕದ ಮನೆಯ ಟೈಲರಮ್ಮ ಕೇಳಿಸುವ ಹಾಗೇ ಅಂದಳು. ಕಷಾಯಮ್ಮ ಕೇಳಿಸದವಳಂತೆ ಸೊಸೆಗೆ ಬಿಸಿನೀರು ಕಾಯಿಸಲು ಒಳಗೆ ಹೋದಳು.

ಭಾನುವಾರ ಮಗನೇ ಎಲೆ ಕಿತ್ತು, ಕುದಿಸಿ, ಲೋಟಕ್ಕೆ ಬಗ್ಗಿಸಿ ಹೆಂಡತಿಯ ಕೈಗಿಟ್ಟ. ಲೋಟ ಇನ್ನೇನು ತುಟಿಗೆ ತಾಗಬೇಕು, ಕಷಾಯಮ್ಮ ನುಗ್ಗಿ ಬಂದು ಕಿತ್ತುಕೊಂಡು ಬಚ್ಚಲಿಗೆ ಸುರಿದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಮಗ ಕೂಗಾಡಿದ. "ಅವಳೇನಮ್ಮ ತಪ್ಪು ಮಾಡಿದ್ದು ನಿಂಗೆ?"

"ಏನ್ ಬೇಕಾದ್ರೂ ಅನ್ನು. ನಾನಿರೋವಾಗ ಇದು ಅವಳ ಗಂಟಲಲ್ಲಿ ಇಳಿಯಲ್ಲ."

"ಯಾಕೆ ಅಂತ ಹೇಳು!"

"ಹೇಳಲ್ಲ."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಬಿಸಿ ಕಷಾಯ ಚೆಲ್ಲಿ ಅತ್ತೆಯ ಕೈ ಕೆಂಪಾಗಿತ್ತು. ಬೀದಿಗೆಲ್ಲ ಕರೆದು ಕರೆದು ಕೊಡುವವಳು ತನ್ನೊಬ್ಬಳಿಂದ ಮಾತ್ರ ಯಾಕೆ ಕಿತ್ತುಕೊಂಡಳೆಂದು ಅವಳಿಗೆ ಆಗ ಹೊಳೆಯಿತು. ತಾನಾಗಿಯೇ ಕೈ ಹೊಟ್ಟೆಯ ಮೇಲೆ ಹೋಯಿತು.

"ರೀ, ಅತ್ತೇನ ಬೈಬೇಡಿ," ಎಂದಳು. "ನನಗೀಗ ಮೂರನೇ ತಿಂಗಳು. ಹೇಳೋಕೆ ಭಯ ಆಯ್ತು."

ಮಗ ತಾಯಿಯ ಕಡೆ ತಿರುಗಿದ. ಖುಷಿಯೋ ನಾಚಿಕೆಯೋ, ಕಣ್ಣು ತುಂಬಿಕೊಂಡವು.

"ನಿಂಗೆ ಮೊದಲೇ ಗೊತ್ತಿತ್ತಾ ಅಮ್ಮ? ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ. ಇಡೀ ಬೀದಿ ಕೈಲಿ ಬೈಸಿಕೊಂಡೆಯಲ್ಲ!"

ಕಷಾಯಮ್ಮ ಸುಟ್ಟ ಕೈಗೆ ತಣ್ಣೀರು ಬಿಟ್ಟುಕೊಂಡಳು.

"ಅದು ಅವಳ ಸುದ್ದಿ ಕಣೋ. ನಾನ್ಯಾಕೆ ಹೇಳ್ಲಿ? ಹೋಗು, ಚಪ್ಪಲಿ ಹಾಕ್ಕೋ. ಅವಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು."