ಬುಂಗಾಸನ ತಾಯಿ

ಶವಪೆಟ್ಟಿಗೆಯ ಮುಚ್ಚಳದ ಮೂಲೆಗೆ ಮೊಳೆ ಹಿಡಿದು ಸುತ್ತಿಗೆ ಎತ್ತಿದ ತುಂದಾನ್ ಹಾಗೇ ನಿಂತುಬಿಟ್ಟ.

"ಇನ್ನೊಂಚೂರು ಕಾಯೋಣ್ವಾ ಎರ್ನಿ? ಅಕ್ಕನ ಕೇಂದ್ರದಿಂದ ಯಾರಾದ್ರೂ ಬರ್ತಾರೇನೋ."

"ಕಾಯಿಲೆ ಅಂತ ಮನೆಗೆ ಕಳಿಸಿದೋರು ಈಗ್ಯಾಕೆ ಬರ್ತಾರೆ ಮಾವ? ಹೊಡಿ."

ಗೋಡೆಗೊರಗಿ ಕೂತಿದ್ದ ಪಕ್ಕದ ಮನೆಯ ಮುದುಕಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಹಂಗನ್ಬೇಡ ಮಗಾ. ಬುಂಗಾಸನ ತಾಯೀನ ಹೀಗೆ ಒಂಟಿಯಾಗಿ ಕಳಿಸ್ತಾರಾ?"

ಈ ನದಿಯ ದಂಡೆಯಲ್ಲಿ ಹೆಂಗಸನ್ನು ಚೊಚ್ಚಲು ಮಗುವಿನ ಹೆಸರು ಹಿಡಿದೇ ಕರೆಯುವುದು. ಪೆಟ್ಟಿಗೆಯಲ್ಲಿ ಮಲಗಿದ್ದ ದೆಲಿವಾತಿ ಹೆತ್ತದ್ದು ಎರ್ನಿಯೊಬ್ಬಳನ್ನೇ. ಆದರೂ ಯಾರೋ ತಮಾಷೆಗೆ ಅಂದು, ಆಕೆ ಸಾಕಿದ ಒರಾಂಗುಟಾನ್ ಮರಿಯ ಹೆಸರೇ ಆಕೆಗೆ ಅಂಟಿಕೊಂಡಿತ್ತು.

"ಅವಳಿಗೂ ಒಂದು ಹೆಸರಿದೆ ಅಜ್ಜಿ," ಎಂದಳು ಎರ್ನಿ.

ಅಷ್ಟರಲ್ಲಿ ಕಟ್ಟೆಗೆ ದೋಣಿ ಬಂದು ತಾಗಿದ ಸದ್ದಾಯಿತು. ರಬ್ಬರ್ ಬೂಟು ತೊಟ್ಟ, ತಲೆ ನರೆತ ಹೆಂಗಸೊಬ್ಬಳು ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದಳು. ಕೇಂದ್ರದಲ್ಲಿ ದೆಲಿವಾತಿಯ ಜೊತೆ ಮರಿಗಳನ್ನು ಸಾಕುತ್ತಿದ್ದ ರಾಹೆಲ್. ಬೂಟು ಬಿಚ್ಚಿಟ್ಟು ಒಳಗೆ ಬಂದವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು.

"ನೋಡ್ಬೇಕಾ?" ಎಂದ ತುಂದಾನ್.

"ಬೇಡ. ಮುಖ ನೆನಪಿದೆ."

ಎರ್ನಿ ಮತ್ತೆ "ಹೊಡಿ" ಅನ್ನಲಿಲ್ಲ. ತುಂದಾನ್ ತಾನಾಗಿಯೇ ಹೊಡೆದ.

*

ಮರ ಸಾಗಿಸುವ ತೆಪ್ಪದಿಂದ ಬಿದ್ದು ದೆಲಿವಾತಿಯ ಗಂಡ ಸತ್ತಾಗ ಎರ್ನಿ ಇನ್ನೂ ಅಕ್ಷರ ಕಲಿಯುತ್ತಿದ್ದಳು. ಆಕೆ ಮಗಳನ್ನು ತಮ್ಮ ತುಂದಾನನ ಮನೆಯಲ್ಲಿ ಬಿಟ್ಟು, ತಬ್ಬಲಿ ಒರಾಂಗುಟಾನ್ ಮರಿಗಳನ್ನು ಸಾಕಿ ಕಾಡಿಗೆ ಬಿಡುವ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ವಾಸ, ಭಾನುವಾರ ಮಾತ್ರ ಮನೆ.

ಬುಂಗಾಸ್ ಬಂದದ್ದು ಗೊಬ್ಬರದ ಚೀಲದಲ್ಲಿ. ತಾಳೆ ತೋಟಕ್ಕೆ ನುಗ್ಗಿದಳೆಂದು ಅವನ ತಾಯಿಗೆ ಗುಂಡು ಹೊಡೆದಿದ್ದರು. ಮೈಯೆಲ್ಲ ಕಜ್ಜಿ, ತಲೆಯಲ್ಲಿ ನಾಲ್ಕು ಕೂದಲು. ಅದನ್ನು ನೋಡಿ ದೆಲಿವಾತಿಯೇ ನಗುತ್ತಾ ಬುಂಗಾಸ್, ಅಂದರೆ ಚೆಲುವ, ಎಂದು ಹೆಸರಿಟ್ಟಳು. ಅವನು ಆಕೆಯ ಕುತ್ತಿಗೆ ತಬ್ಬಿದರೆ ಬಿಡಿಸಲು ಇಬ್ಬರು ಬೇಕು. ದಿನಾ ಅವನನ್ನು ಕಾಡಿಗೆ ಹೊತ್ತೊಯ್ದು ತಾನೇ ಕೊಂಬೆಗೆ ಜೋತು ಬೀಳುತ್ತಿದ್ದಳು. ಒಗರು ಎಲೆ ಅಗಿದು, ಗೆದ್ದಲು ನೆಕ್ಕಿ, ರೆಂಬೆ ಮಡಚಿ ಹಾಸಿಗೆ ಮಾಡಿ ತೋರಿಸುತ್ತಿದ್ದಳು. ಹೆತ್ತ ತಾಯಿ ಕಲಿಸಬೇಕಾದದ್ದನ್ನೆಲ್ಲ ಕಲಿಸಿ, ಕೊನೆಗೆ ಅವನು ತನ್ನ ಕಡೆ ತಿರುಗಿಯೂ ನೋಡದ ಹಾಗೆ ಮಾಡುವುದು ಆಕೆಯ ಕೆಲಸ.

ಶಾಲೆಯ ನೃತ್ಯದಲ್ಲಿ ಬಹುಮಾನ ಬಂದ ದಿನ ಎರ್ನಿ ಭಾನುವಾರದವರೆಗೆ ಕಾಯಲಾರದೆ ಮಾವನ ದೋಣಿ ಹತ್ತಿ ಕೇಂದ್ರಕ್ಕೆ ಹೋದಳು. ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಕೆಮ್ಮು ಬಂತು.

"ಅಲ್ಲೇ ನಿಲ್ಲು!" ಅಮ್ಮ ಕೂಗಿದಳು. "ಶೀತ ಆಗಿದೆಯಾ? ಈ ಮರಿಗಳಿಗೆ ತಗುಲಿದ್ರೆ ಬದುಕಲ್ಲ ಮಗಾ."

"ನೀನೇ ಆಚೆ ಬಾ."

"ಇವನು ಇಳೀತಿಲ್ಲ ಕಣೇ."

"ಇಳಿಸು."

ದೆಲಿವಾತಿ ತನ್ನ ಕುತ್ತಿಗೆಯಿಂದ ಬುಂಗಾಸನ ಒಂದು ಕೈ ಬಿಡಿಸಿದಳು. ಮರಿ ಕಿರುಚಿಕೊಂಡಿತು. ಆಕೆ ಆ ಕೈಯನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು. ಎರ್ನಿ ಬಹುಮಾನದ ತಟ್ಟೆಯನ್ನು ಬೇಲಿಯ ಬುಡದಲ್ಲಿಟ್ಟು, ತಿರುಗಿ ನೋಡದೆ ದೋಣಿಗೆ ಹೋದಳು. ಆಮೇಲೆ ಯಾವತ್ತೂ ಅಲ್ಲಿಗೆ ಹೋಗಲಿಲ್ಲ.

*

ಗುಂಡಿ ತೋಡಿದ್ದ ಕಡೆ ಮಣ್ಣು ಒದ್ದೆಯಾಗಿತ್ತು. ಪಾದ್ರಿ ಬೇಗ ಮುಗಿಸಿದರು. ಬಂದವರು ಹನ್ನೆರಡೋ ಹದಿಮೂರೋ ಮಂದಿ. ಹಾಡು ಎತ್ತಿದಾಗ ಒಬ್ಬೊಬ್ಬರ ದನಿಯೂ ಬೇರೆಬೇರೆಯಾಗಿ ಕೇಳುತ್ತಿತ್ತು.

"ಕೇಂದ್ರದಿಂದ ನೀವೊಬ್ರೇನಾ?" ದಾರಿಯಲ್ಲಿ ಎರ್ನಿ ಕೇಳಿದಳು.

"ಈಗಿರೋರೆಲ್ಲ ಹೊಸ ಹುಡುಗೀರು. ದೆಲಿ ಅಕ್ಕನ ಗುರುತಿಲ್ಲ ಅವರಿಗೆ." ರಾಹೆಲ್ ಕೆಸರಿನಿಂದ ಬೂಟು ಕಿತ್ತು ಹೆಜ್ಜೆಯಿಟ್ಟಳು. "ಅವಳನ್ನ ಕಳಿಸ್ಬಿಟ್ರು ಅಂತ ನಿಂಗೆ ಸಿಟ್ಟು. ಕ್ಷಯ ಇದ್ದೋರನ್ನ ಮರಿಗಳ ಹತ್ರ ಬಿಡೋಹಾಗಿಲ್ಲಮ್ಮಾ. ಅವಳೇ ಬಟ್ಟೆ ಗಂಟು ಕಟ್ಕೊಂಡು ಎದ್ದಳು. ನಾನು ಹೋಗ್ಬೇಡ ಅಂತ ಅತ್ತಿದ್ದಕ್ಕೆ ನಂಗೇ ಬೈದಳು."

*

ಮನೆಗೆ ಬಂದ ದೆಲಿವಾತಿ ಹಿಂದಿನ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡಳು. ಎರ್ನಿ ಊಟವನ್ನು ಬಾಗಿಲಲ್ಲಿಟ್ಟು ಹೋಗುವಳು. ಬುಂಗಾಸನನ್ನು ಮೇಲಿನ ಕಾಡಿಗೆ ಬಿಟ್ಟ ದಿನವೂ ದೆಲಿವಾತಿ ಆ ಕೋಣೆಯಲ್ಲೇ ಇದ್ದಳು.

ಹೋದ ಮಳೆಗಾಲ ರಾಹೆಲ್ ಒಮ್ಮೆ, ಕಾಡಿಗೆ ಬಿಟ್ಟ ಮರಿಗಳನ್ನು ಹುಡುಕಿ ನೋಡಿಕೊಂಡು ಬಂದಿದ್ದಳು. ಜಗಲಿಯ ಮಾತು ಅಡಿಗೆಮನೆಯಲ್ಲಿದ್ದ ಎರ್ನಿಗೂ ಕೇಳಿಸಿತ್ತು.

"ಬುಂಗಾಸ್ ಸಿಕ್ಕಿದ್ನಾ?"

"ಸಿಕ್ಕಿದ. ಹಲ್ಲು ಕಿರಿದು, ಕೊಂಬೆ ಮುರಿದು ನಮ್ಮ ತಲೆ ಮೇಲೆ ಎಸೆದ. ನನ್ನ ಗುರುತೇ ಇಲ್ಲ ಕಣಕ್ಕ ಆ ಕಳ್ಳನಿಗೆ."

"ಹತ್ರ ಬರ್ಲಿಲ್ವಾ?"

"ಊಹೂಂ."

"ಇನ್ನೊಂದ್ಸಲ ಹೇಳು," ಎಂದಳು ಅಮ್ಮ. ರಾಹೆಲ್ ಮತ್ತೆ ಹೇಳಿದಳು. ಅಮ್ಮ ಕೆಮ್ಮು ಬರುವವರೆಗೂ ನಕ್ಕಳು. ಕೆಮ್ಮು ನಿಂತ ಮೇಲೆ ನಗು ಮತ್ತೆ ಶುರುವಾಗಲಿಲ್ಲ. ಅವತ್ತು ಬಾಗಿಲಲ್ಲಿಟ್ಟ ತಟ್ಟೆ ಹಾಗೇ ಉಳಿದಿತ್ತು.

*

ಮಣ್ಣು ಮಾಡಿ ಬಂದವರಿಗೆ ಅನ್ನ, ಬೆತ್ತದ ಚಿಗುರಿನ ಸಾರು, ಹೊಳೆಮೀನು. ಬಡಿಸಲು ನಿಂತ ರಾಹೆಲ್ ಎಲ್ಲರಿಗೂ ಮೀನು ಹಾಕುತ್ತಾ ಬಂದು, ಎರ್ನಿಯ ತಟ್ಟೆಗೆ ಮಾತ್ರ ಹಾಕದೆ ಮುಂದೆ ಹೋದಳು.

ಎರ್ನಿ ತಲೆಯೆತ್ತಿದಳು. "ನಾನು ಮೀನು ತಿನ್ನಲ್ಲ ಅಂತ ನಿಮಗ್ಯಾರು ಹೇಳಿದ್ದು?"

"ಐದು ವರ್ಷದವಳಿದ್ದಾಗ ಗಂಟಲಲ್ಲಿ ಮುಳ್ಳು ಸಿಕ್ಕಿತ್ತಲ್ವಾ? ನಿಮ್ಮಪ್ಪ ತಲೆಕೆಳಗು ಮಾಡಿ ಬೆನ್ನಿಗೆ ಗುದ್ದಿದ್ರಂತೆ."

"ಅಮ್ಮ ಹೇಳಿದ್ಲಾ?"

"ನಂಗಲ್ಲ, ಬುಂಗಾಸನಿಗೆ. ಮಾತಾಡ್ತಾ ಇದ್ರೇನೇ ಮಲಗ್ತಿದ್ದ ಆ ಪುಣ್ಯಾತ್ಮ. ಅವಳಿಗೆ ಕತೆ ಗಿತೆ ಬರಲ್ಲ. ನಿನ್ನ ವಿಷಯಾನೇ ಹೇಳೋಳು. ಪಕ್ಕದ ಮಂಚ ನಂದು, ಕೇಳ್ದೆ ಏನು ಮಾಡ್ಲಿ?" ರಾಹೆಲ್ ಸೌಟನ್ನು ಪಾತ್ರೆಗೆ ಬಿಟ್ಟಳು. "ನೀನು ಗುಡುಗಿಗೆ ಹೆದರಿ ಅಕ್ಕಿ ಡಬ್ಬದ ಹಿಂದೆ ಕೂರ್ತಿದ್ದದ್ದು, ಎಡಗೈಲಿ ಬರೀತೀಯ ಅಂತ ಟೀಚರ್ ಹೊಡೆದದ್ದು..."

ತುಂದಾನ್ ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದ. ಮುದುಕಿ ಕೈ ತೊಳೆದು ಎದ್ದಳು. ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಹೋದರು. ಕಟ್ಟೆಯಲ್ಲಿ ದೋಣಿಗಳ ಎಂಜಿನ್ ಶುರುವಾಗಿ ದೂರವಾಯಿತು.

"ಆಮೇಲೆ?" ಎಂದಳು ಎರ್ನಿ.

ರಾಹೆಲ್ ಎದುರಿಗೆ ಚಾಪೆಯ ಮೇಲೆ ಕೂತು ಹೇಳತೊಡಗಿದಳು. ಎರ್ನಿ ಅಲುಗಾಡದೆ ಕೇಳುತ್ತಿದ್ದಳು. ತಟ್ಟೆಯ ಮೇಲೆ ಚಾಚಿದ್ದ ಎಡಗೈಯ ಬೆರಳುಗಳಿಗೆ ಅಂಟಿದ್ದ ಅನ್ನ ಮೆಲ್ಲಗೆ ಒಣಗುತ್ತಿತ್ತು.