ಹಿಂದಿನ ಗಾಜಿನ ಮೇಲಿನ ಹೆಸರು

ಮುಂಬಯಿಯ ಫೋರ್ಟಿನ ಪಡುಮನೆ ಲಂಚ್ ಹೋಮ್‌ನಲ್ಲಿ ತಟ್ಟೆ ವಾಪಸ್ ಬಂದರೆ ಯಾಕೆ ಎಂದು ಕೇಳುವ ಪದ್ಧತಿ ಇರಲಿಲ್ಲ. ದೋಸೆ ಸೀದಿದೆ ಎನ್ನಲಿ, ಸಾಂಬಾರು ತಣ್ಣಗಾಗಿದೆ ಎನ್ನಲಿ, ಗಲ್ಲಾದಲ್ಲಿ ಕೂತ ಮೋನಪ್ಪ ಕತ್ತೆತ್ತಿ 'ಬೇರೆ ಕೊಡು' ಎನ್ನುತ್ತಿದ್ದ, ಅಷ್ಟೆ. ಮುಕ್ಕಾಲು ತಿಂದು ಮುಖ ಕಿವುಚುವ ಮಹಾನುಭಾವರೂ ಇದ್ದರು. ಅವರಿಗೂ ಬೇರೆ ದೋಸೆಯೇ. ಹಳೆಯ ವೇಟರ್ ಭೀಮರಾಯ, ವಿಜಯಪುರದ ಕಡೆಯವನು, ಒಮ್ಮೆ ಇದಕ್ಕೆ ಗೊಣಗಿದಾಗ ಮೋನಪ್ಪ ಹೇಳಿದ್ದ: "ಅವನು ಮೋಸ ಮಾಡಿದ್ರೆ ಒಂದು ದೋಸೆ ಹೋಯ್ತು. ನಾವು ಪ್ರಶ್ನೆ ಕೇಳಿದ್ರೆ ಹೋಟ್ಲೇ ಹೋಯ್ತು. ಯಾವುದು ಆಗಬಹುದು, ನೀನೇ ಹೇಳು ಮಾರಾಯ."

ಹೀಗೆ ಸಂಪಾದಿಸಿದ ಹೆಸರು ಅದು. ಆ ಹೆಸರು ದೋಸೆಗೆ ಮಾತ್ರ ನಿಲ್ಲಲಿಲ್ಲ. ಮಗಳಿಗೆ ಯಾವ ಕಾಲೇಜು, ಮಂಡಿ ನೋವಿಗೆ ಯಾವ ಡಾಕ್ಟರು, ಬಾಡಿಗೆಗೆ ಯಾವ ಬಿಲ್ಡಿಂಗ್, ಎಲ್ಲದಕ್ಕೂ ಜನ ಬಿಲ್ಲು ಕೊಡುವ ಹೊತ್ತಿನಲ್ಲಿ ಗಲ್ಲಾದ ಮುಂದೆ ನಿಂತು ಅವನನ್ನೇ ಕೇಳುತ್ತಿದ್ದರು. ಊರಿನ ಗದ್ದೆಯನ್ನು ಅಣ್ಣಂದಿರು ಹಂಚಿಕೊಂಡಾಗ ಮೋನಪ್ಪ ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಮಾತಿಗೆ ಈ ಮುಂಬಯಿಯಲ್ಲಿ ಬೆಲೆ ಇದೆ, ಅದೇ ತನ್ನ ಆಸ್ತಿ ಎಂದುಕೊಂಡಿದ್ದ. ಆಸ್ತಿ ಇದ್ದವನಿಗೆ ಸ್ವಲ್ಪ ಜಂಬವೂ ಇರುತ್ತದೆ. ಇವನಿಗೂ ಇತ್ತು.

ಕೆಲ್ವಾರ್ ಕಂಪನಿಯ ಕಾರು ಕೊಳ್ಳುವಂತೆ ಮಾಡಿದ್ದು ಅಕ್ಕನ ಮಗ ಪ್ರೀತಮ್. ಗೋರೆಗಾಂವ್‌ನ ಶೋರೂಮಿನಲ್ಲಿ ಸೇಲ್ಸ್ ಕೆಲಸ ಅವನದು. ಮೈಲೇಜು, ಏರ್‌ಬ್ಯಾಗು ಎಂದೆಲ್ಲ ಹೇಳಿದಾಗ ಮೋನಪ್ಪ ಆಕಳಿಸಿದ್ದ. ಕೊನೆಗೆ ಹುಡುಗ ಒಂದು ಮಾತು ಹೇಳಿದ: "ಮಾವ, ಈ ಕಂಪನಿಯವರು ಗಿರಾಕಿಯನ್ನು ನಿಮ್ಮ ಹಾಗೆಯೇ ನೋಡ್ತಾರೆ. ತೊಂದರೆ ಬಂತಾ, ವಾರಂಟಿಯಲ್ಲಿ ಬದಲಿ ಮಾಡಿ ಕೊಡ್ತಾರೆ. ಪ್ರಶ್ನೆಯೇ ಇಲ್ಲ." ಮೋನಪ್ಪನ ಆಕಳಿಕೆ ಅಲ್ಲಿಗೆ ನಿಂತಿತು.

ಗಾಡಿ ಬಿಡಿಸಿಕೊಂಡ ದಿನ ಶೋರೂಮಿನವರು ಮದುವೆಯ ಹಾಗೆ ಮಾಡಿದರು. ಭಟ್ಟರು ಬಂದರು, ಚಕ್ರದಡಿಗೆ ನಿಂಬೆಹಣ್ಣು ಬಿತ್ತು, ತೆಂಗಿನಕಾಯಿ ಒಡೆಯಿತು. ಹಿಂದಿನ ಗಾಜಿನ ಮೇಲೆ 'ಪಡುಮನೆ ಲಂಚ್ ಹೋಮ್, ಫೋರ್ಟ್' ಎಂಬ ಕೆಂಪು ಅಕ್ಷರ ಅಂಟಿಸಬೇಕೆಂದು ಮೋನಪ್ಪನಿಗೆ ಆಸೆ. ನಮ್ಮ ಹೋಟೆಲಿನವರು ಮಗುವಿಗೆ ಹೆಸರಿಡುವುದನ್ನು ಮರೆತಾರು, ಗಾಡಿಯ ಗಾಜಿಗೆ ಹೋಟೆಲಿನ ಹೆಸರು ಹಾಕಿಸುವುದನ್ನು ಮರೆಯುವುದಿಲ್ಲ. ಪ್ರೀತಮನೇ ನಿಂತು, ಒಂದು ಗುಳ್ಳೆ ಬಾರದ ಹಾಗೆ ಬಟ್ಟೆಯಿಂದ ಒತ್ತಿ ಒತ್ತಿ ಅಂಟಿಸಿದ. ಮೋನಪ್ಪ, ಹೆಂಡತಿ ಶೀಲಾವತಿ ಇಬ್ಬರೂ ಗಾಜಿನ ಪಕ್ಕ ನಿಂತು ರಟ್ಟಿನ ದೊಡ್ಡ ಬೀಗದ ಕೈ ಹಿಡಿದು ಫೋಟೋ ತೆಗೆಸಿಕೊಂಡರು. ಆ ಫೋಟೋವನ್ನು ಶೋರೂಮಿನವರು ತಮ್ಮ ಜಾಹೀರಾತಿಗೆ ಹಾಕಿದರು. 'ಫೋರ್ಟ್ ನಂಬುವ ಹೆಸರು, ನಮ್ಮನ್ನು ನಂಬಿದೆ' ಎಂದು ಕೆಳಗೆ ಬರೆದಿದ್ದರು. ಮೋನಪ್ಪ ಅದನ್ನು ಬಂದವರಿಗೆಲ್ಲ ಮೊಬೈಲಿನಲ್ಲಿ ತೋರಿಸಿದ.

ಫೋರ್ಟಿನ ಹೋಟೆಲಿನಲ್ಲಿ ಗ್ರೈಂಡರ್ ಇಡಲು ಜಾಗವಿರಲಿಲ್ಲ. ಹಿಟ್ಟು ರುಬ್ಬುವುದು ವಡಾಲದ ಮನೆಯ ಕೆಳಗಿನ ಖೋಲಿಯಲ್ಲಿ. ಮೊದಲು ಅದು ಟೆಂಪೋದಲ್ಲಿ ಹೋಗುತ್ತಿತ್ತು. ಕಾರು ಬಂದ ಮೇಲೆ ಹಿಂದಿನ ಸೀಟು ಮಡಚಿ, ಸ್ಟೀಲಿನ ಡಬ್ಬಗಳನ್ನು ಇಟ್ಟು, ಮೋನಪ್ಪನೇ ಬೆಳಿಗ್ಗೆ ಒಯ್ಯತೊಡಗಿದ. ಡಬ್ಬಗಳ ಕೆಳಗೆ ರಬ್ಬರ್ ಹಾಸು ಹಾಕಿಕೊಟ್ಟವನೂ ಪ್ರೀತಮನೇ. "ಎಂತ ಆಗುದಿಲ್ಲ ಮಾವ," ಎಂದಿದ್ದ.

ಆ ದಿನಗಳಲ್ಲೇ ಸತ್ಯಮೂರ್ತಿ ಕೇಳಿದ್ದು. ಮೈಸೂರಿನವರು, ಪಕ್ಕದ ಬೀದಿಯ ಬ್ಯಾಂಕಿನಲ್ಲಿ ಅಧಿಕಾರಿ, ವರ್ಷಗಳಿಂದ ಕಿಟಕಿಯ ಪಕ್ಕದ ಅದೇ ಮೇಜಿನಲ್ಲಿ ಅದೇ ಮಸಾಲೆ ದೋಸೆ ತಿನ್ನುವ ಮನುಷ್ಯ. ಗಾಡಿ ಹೇಗಿದೆ ಎಂದು ಅವರು ಕೇಳಿದಾಗ ಮೋನಪ್ಪ ಚೆನ್ನಾಗಿದೆ ಎಂದಿದ್ದರೆ ಸಾಕಿತ್ತು. ಅವನು ಹೇಳಿದ್ದು: "ಕಣ್ಣು ಮುಚ್ಚಿ ತಗೊಳ್ಳಿ ಸಾರ್. ಎಂತಾದ್ರೂ ಆದ್ರೆ ನನ್ನನ್ನು ಕೇಳಿ." ಸತ್ಯಮೂರ್ತಿ ಅದೇ ಮಾಡೆಲನ್ನು ಕಣ್ಣು ಮುಚ್ಚಿಯೇ ತೆಗೆದುಕೊಂಡರು.

ಮೋನಪ್ಪನ ಗಾಡಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಬಂದರಿನ ಕಡೆಯ ಸೇತುವೆ ಹತ್ತುವಾಗ ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಹಿಂದೆ ಕಂಟೇನರ್ ಲಾರಿಗಳ ಹಾರನ್ನು. ಡಬ್ಬದ ಮುಚ್ಚಳ ಜಾರಿ ಹಿಟ್ಟು ಚೆಲ್ಲಿತು. ಮೋನಪ್ಪ ಬೆವರಿನಲ್ಲಿ ಮಿಂದು ಟ್ಯಾಕ್ಸಿ ಹಿಡಿದ, ಗಾಡಿಯನ್ನು ಕ್ರೇನ್ ಗೋರೆಗಾಂವ್‌ಗೆ ಎಳೆದುಕೊಂಡು ಹೋಯಿತು. ಅದೇ ವಾರ ಸತ್ಯಮೂರ್ತಿಯವರ ಗಾಡಿಯೂ ಪುಣೆಯ ಘಾಟಿನಲ್ಲಿ ಹಾಗೆಯೇ ಮಾಡಿತು. ಒಳಗೆ ಅವರ ಹೆಂಡತಿ ಕೌಸಲ್ಯಾ ಇದ್ದರು. ಗಾಡಿ ಹಿಂದಕ್ಕೆ ಜಾರಿ, ಲಾರಿಗೆ ಇನ್ನೇನು ತಾಗಬೇಕು ಎನ್ನುವಾಗ ಬ್ರೇಕು ಹಿಡಿಯಿತಂತೆ.

ಸತ್ಯಮೂರ್ತಿ ಕೂಗಾಡುವವರಲ್ಲ. ಗಲ್ಲಾದ ಮುಂದೆ ನಿಂತು ಮೆಲ್ಲಗೆ ಹೇಳಿದರು: "ನಮ್ಮನೆಯವರು ಇನ್ನು ಆ ಗಾಡಿ ಹತ್ತೋದಿಲ್ಲ ಅಂತಿದಾರೆ, ಮೋನಪ್ಪನೋರೆ. ನಿಮ್ಮ ಮಾತಿನ ಮೇಲೆ ತಗೊಂಡಿದ್ದು."

ಬೈದಿದ್ದರೆ ತಾಳಬಹುದಿತ್ತು. "ಎರಡೂ ಗಾಡಿ ನಾನು ಸರಿ ಮಾಡಿಸ್ತೇನೆ ಸಾರ್," ಎಂದ ಮೋನಪ್ಪ. "ಇದು ನನ್ನ ಮಾತು."

ಗೋರೆಗಾಂವ್‌ನ ಸರ್ವಿಸ್ ಸೆಂಟರಿನ ಮ್ಯಾನೇಜರ್ ಅಮೋಲ್ ಬಹಳ ಮರ್ಯಾದೆಯ ಹುಡುಗ. ಕುರ್ಚಿ ಎಳೆದು ಕೊಟ್ಟ, ಕಾಫಿ ತರಿಸಿದ, ಪ್ರತಿ ಮಾತಿಗೂ ಕಾಕಾ ಎಂದ. ಮರ್ಯಾದೆಯಿಂದಲೇ ಮೋನಪ್ಪನನ್ನು ಗಾಡಿಯ ಹಿಂಬದಿಗೆ ಕರೆದೊಯ್ದು ಹಾಸು ಎತ್ತಿದ. ಕೆಳಗೆ ಒಣಗಿ ಬಿರಿದ ಬಿಳಿ ಹಕ್ಕಳೆ, ಹುಳಿ ವಾಸನೆ.

"ಇದೇನು ಕಾಕಾ?"

"ದೋಸೆ ಹಿಟ್ಟು. ಗಾಡಿ ನಿಂತದ್ದಕ್ಕೆ ಚೆಲ್ಲಿದ್ದು, ಚೆಲ್ಲಿದ್ದಕ್ಕೆ ಗಾಡಿ ನಿಂತದ್ದಲ್ಲ. ಗೇರ್‌ಬಾಕ್ಸ್ ಮುಂದೆ ಉಂಟು, ಹಿಟ್ಟು ಹಿಂದೆ ಉಂಟು. ಇದಕ್ಕೂ ಅದಕ್ಕೂ ಎಂತ ಸಂಬಂಧ?"

"ಸಂಬಂಧ ಅಂತ ನಾನು ಹೇಳ್ತಾ ಇಲ್ಲ. ಆದರೆ ಖಾಸಗಿ ಗಾಡಿಯಲ್ಲಿ ದಂಧೆ ಮಾಡಿದರೆ ವಾರಂಟಿ ಇರೋದಿಲ್ಲ. ರೂಲ್ ಅದು."

"ದಂಧೆ ಅಂತ ಯಾರು ಹೇಳಿದ್ದು? ಮನೆಯ ಹಿಟ್ಟು, ನನ್ನ ಗಾಡಿ."

ಅಮೋಲ್ ಮೊಬೈಲ್ ತೆಗೆದು ತೋರಿಸಿದ. ಅದೇ ಫೋಟೋ. ಮೋನಪ್ಪ, ಶೀಲಾವತಿ, ರಟ್ಟಿನ ಬೀಗದ ಕೈ, ಗಾಜಿನ ಮೇಲೆ ಕೆಂಪು ಅಕ್ಷರಗಳಲ್ಲಿ ಹೋಟೆಲಿನ ಹೆಸರು. "ಮೊದಲ ದಿನದಿಂದಲೇ ಇದು ಹೋಟೆಲಿನ ಗಾಡಿ ಅಂತ ನೀವೇ ಬರೆಸಿದ್ದೀರಿ, ಕಾಕಾ."

ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಏರಿಸಿದ ದಿನ ಹಾರ ಹಾಕಿದ್ದರು, ಶೂಲ ಕಂಡಿರಲಿಲ್ಲ. ಮೋನಪ್ಪ ತಿರುಗಿ ನೋಡಿದ. ಬಾಗಿಲ ಹತ್ತಿರ ಪ್ರೀತಮ್ ನಿಂತಿದ್ದ, ಕೊರಳಿನಲ್ಲಿ ಕಂಪನಿಯ ಗುರುತುಚೀಟಿಯ ಪಟ್ಟಿ.

"ನೀನು ಹೇಳು ಪ್ರೀತಮ್. ಹಿಟ್ಟು ಒಯ್ಯುದು ನಿನಗೆ ಗೊತ್ತಿತ್ತಾ ಇಲ್ವಾ? ಹಾಸು ಹಾಕಿದ್ದು ಯಾರು?"

ಪ್ರೀತಮ್ ಮಾವನ ಮುಖ ನೋಡಲಿಲ್ಲ. ಅಮೋಲನ ಕಡೆಗೆ ಹಿಂದಿಯಲ್ಲಿ, "ಕಸ್ಟಮರ್‌ಗೆ ರೂಲ್ಸ್ ಎಲ್ಲ ಹೇಳಿಯೇ ಕೊಟ್ಟಿದ್ದೆ ಸರ್," ಎಂದ.

ಕಸ್ಟಮರ್. ಚಿಕ್ಕಂದಿನಲ್ಲಿ ತನ್ನ ತೊಡೆಯ ಮೇಲೆ ಕೂತು ಬನ್ಸ್ ತಿಂದ ಹುಡುಗನ ಬಾಯಲ್ಲಿ ತಾನು ಕಸ್ಟಮರ್. ಸತ್ಯಮೂರ್ತಿಯವರ ಗಾಡಿಯ ವಿಷಯ ಎತ್ತಿದರೆ ಅಮೋಲ್ ಕೈ ಜೋಡಿಸಿದ. "ಅದು ಬೇರೆ ಕೇಸ್. ಈ ಮಾಡೆಲಿನಲ್ಲಿ ದೋಷ ಇಲ್ಲ, ಕಾಕಾ. ಬೇರೆ ಯಾರೂ ಹೇಳಿಲ್ಲ."

ಸಂಜೆ ಪ್ರೀತಮ್ ವಡಾಲಕ್ಕೆ ಬಂದ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಶೀಲಾವತಿ ನೀರು ಕೊಟ್ಟಳು, ಕೂರು ಎನ್ನಲಿಲ್ಲ.

"ಅತ್ತೆ, ನಾನು ಎಂತ ಮಾಡ್ಲಿ? ಗೊತ್ತಿತ್ತು ಅಂದ್ರೆ ನನ್ನ ಕೆಲಸ ಹೋಗ್ತದೆ."

"ಹೋಗ್ಲಿ ಬಿಡಿ ಮಾರಾಯ್ರೆ," ಎಂದಳು ಶೀಲಾವತಿ ಗಂಡನಿಗೆ. "ನಾವೇ ರಿಪೇರಿ ಮಾಡಿಸುವ. ಹುಡುಗನ ಹೊಟ್ಟೆಪಾಡು."

"ನನಗೆ ಗೇರ್‌ಬಾಕ್ಸ್ ಬೇಡ. ಮೂರ್ತಿ ಸಾರಿಗೆ ಮಾತು ಕೊಟ್ಟಿದ್ದೇನೆ. ನಾಳೆ ಗಲ್ಲಾದಲ್ಲಿ ಕೂತು ಅವರ ಮುಖ ಹೇಗೆ ನೋಡ್ಲಿ?"

ಪ್ರೀತಮ್ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಚಪ್ಪಲಿ ಹಾಕಿಕೊಂಡು ಹೊರಟ.

ಅವನು ನುಂಗಿಕೊಂಡದ್ದು ಏನೆಂದು ಮೋನಪ್ಪನಿಗೆ ಮುಂದಿನ ವಾರ ತಿಳಿಯಿತು. ಹೋಟೆಲಿಗೆ ಊಟಕ್ಕೆ ಬರುವ ವಕೀಲರೊಬ್ಬರು, ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದಿದ್ದರು. ಇದೇ ಮಾಡೆಲಿನ ಇನ್ನೊಂದು ಗಾಡಿಗೂ ಇದೇ ತೊಂದರೆ ಬಂದಿದೆ ಎಂದು ಅದರ ಮಾಲೀಕರು ಬಂದು ಹೇಳಿದರೆ ಕೇಸು ನಿಲ್ಲುತ್ತದೆ, ಇಲ್ಲದಿದ್ದರೆ ದೋಸೆ ಹಿಟ್ಟಿನಲ್ಲೇ ಮುಳುಗುತ್ತದೆ ಎಂದೂ ಹೇಳಿದ್ದರು. ಮೋನಪ್ಪನಿಗೆ ಆನೆ ಬಲ ಬಂತು. ಮೂರ್ತಿ ಸಾರ್ ಇದ್ದಾರಲ್ಲ. ಅವರ ಗಾಡಿಯಲ್ಲಿ ಹಿಟ್ಟಿಲ್ಲ, ಗಾಜಿನ ಮೇಲೆ ಹೆಸರಿಲ್ಲ, ಬ್ಯಾಂಕಿನ ಅಧಿಕಾರಿ, ಸುಳ್ಳು ಹೇಳುವವರಲ್ಲ.

ಅವರು ಬಂದಾಗ ಎದ್ದು ಹೋಗಿ ಅವರ ಮೇಜಿನ ಎದುರು ಕೂತ. ಎಲ್ಲ ಹೇಳಿದ. ಸತ್ಯಮೂರ್ತಿ ಚಮಚ ಕೆಳಗಿಟ್ಟರು.

"ನನ್ನ ಗಾಡಿ ಸರಿಯಾಯ್ತು, ಮೋನಪ್ಪನೋರೆ. ಪೂರಾ ಹೊಸ ಗೇರ್‌ಬಾಕ್ಸ್ ಹಾಕಿಕೊಟ್ರು. ಕಂಪನಿಯ ಸದ್ಭಾವನೆ ಅಂದ್ರು."

"ಒಳ್ಳೇದಾಯ್ತು ಸಾರ್. ಹಾಗಾದ್ರೆ ನೀವು ಬಂದು ಅದನ್ನೇ ಹೇಳಿದ್ರೆ..."

"ಎಲ್ಲೂ ಬಾಯಿ ಬಿಡೋದಿಲ್ಲ ಅಂತ ಸಹಿ ಹಾಕಿಸಿಕೊಂಡಿದಾರೆ." ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಪ್ರೀತಮ್ ಅಂದು ನುಂಗಿಕೊಂಡದ್ದು ಇದನ್ನೇ. "ಕೌಸಲ್ಯಾಗೆ ಆ ಘಾಟಿ ನೆನಸಿಕೊಂಡ್ರೆ ಈಗಲೂ ನಿದ್ದೆ ಬರಲ್ಲ. ಇದು ಮುಗೀಲಿ ಅಂತ ಹಾಕ್ಬಿಟ್ಟೆ. ನನ್ನನ್ನ ಎಳೀಬೇಡಿ."

"ನನ್ನ ಮಾತಿಗೆ ನೀವು ಗಾಡಿ ತಗೊಂಡ್ರಿ. ನನಗೆ ನಿಮ್ಮ ಒಂದು ಮಾತು ಸಿಗುದಿಲ್ವಾ?"

ಸತ್ಯಮೂರ್ತಿ ಅಂದು ಕಾಫಿ ಕುಡಿಯದೆ ಎದ್ದು ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಮೋನಪ್ಪನೊಳಗೆ ಏನೋ ಕೆಟ್ಟಿತು. ಮೊದಲು ಅದು ಹೊರಗೆ ಕಾಣಲಿಲ್ಲ. ಕಾರು ಗೋರೆಗಾಂವ್‌ನ ಅಂಗಳದಲ್ಲಿ ಧೂಳು ತಿನ್ನುತ್ತಿತ್ತು. ಹಟಕ್ಕೆ ಬಿದ್ದು ಅವನು ರಿಪೇರಿಗೆ ಒಪ್ಪಲಿಲ್ಲ, ಸಾಕ್ಷಿಯಿಲ್ಲದೆ ಕೇಸೂ ಹಾಕಲಿಲ್ಲ. ಹಳೆಯ ಟೆಂಪೋದವನು ಬೇರೆ ಬಾಡಿಗೆ ಹಿಡಿದಿದ್ದ. ಹಿಟ್ಟು ಸಿಕ್ಕಿದ ಟ್ಯಾಕ್ಸಿಯಲ್ಲಿ, ಸಿಕ್ಕಿದ ಹೊತ್ತಿಗೆ, ಮೇ ತಿಂಗಳ ಬಿಸಿಲಿನಲ್ಲಿ ಫೋರ್ಟಿಗೆ ಬರುತ್ತಿತ್ತು. ಯಾರಾದರೂ ತಾವು ಹೊಸದಾಗಿ ಏನಾದರೂ ಕೊಳ್ಳುವ ವಿಷಯ ತೆಗೆದರೆ ಮೋನಪ್ಪ ಚಿಲ್ಲರೆ ಎಣಿಸುತ್ತ, "ನನ್ನನ್ನು ಕೇಳ್ಬೇಡಿ," ಎನ್ನುತ್ತಿದ್ದ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಸತ್ಯಮೂರ್ತಿ ಬಾಗಿಲಲ್ಲಿ ಕಂಡರು. ಗಲ್ಲಾದ ಕಡೆ ನೋಡಿ ಅರ್ಧ ನಕ್ಕರು. ಮೋನಪ್ಪ ನಗಲಿಲ್ಲ. ಅವರು ತಮ್ಮ ಮೇಜಿಗೆ ಹೋಗಿ ಕೂತರು, ಭೀಮರಾಯ ಕೇಳದೆಯೇ ಮಸಾಲೆ ದೋಸೆ ತಂದಿಟ್ಟ. ಸ್ವಲ್ಪ ಹೊತ್ತಿಗೆ ಅದೇ ತಟ್ಟೆಯನ್ನು ಹಿಡಿದು ಗಲ್ಲಾದ ಹತ್ತಿರ ಬಂದ. ಅರ್ಧ ದೋಸೆ ಉಳಿದಿತ್ತು.

"ಹಿಟ್ಟು ಹುಳಿ ಬಂದೈತಂತ್ರೀ ಸಾವ್ಕಾರ್ರ. ಬ್ಯಾರೇದು ಹಾಕಸ್ತೀನಿ."

"ನಿಲ್ಲು," ಎಂದ ಮೋನಪ್ಪ.

ಭೀಮರಾಯ ನಿಂತ. ಈ ಮಾತನ್ನು ಅವನು ಈ ಹೋಟೆಲಿನಲ್ಲಿ ಎಂದೂ ಕೇಳಿರಲಿಲ್ಲ. ಮೋನಪ್ಪ ಗಲ್ಲಾದಿಂದ ಎದ್ದು ಕಿಟಕಿಯ ಮೇಜಿನ ತನಕ ನಡೆದ. ಸುತ್ತಲಿನ ಮೇಜಿನವರು ಉಣ್ಣುವುದನ್ನು ನಿಲ್ಲಿಸಿ ನೋಡಿದರು.

"ಹುಳಿ ಅಂತ ಅರ್ಧ ತಿಂದ ಮೇಲೆ ಗೊತ್ತಾಯ್ತಾ ಸಾರ್?"

ಸತ್ಯಮೂರ್ತಿ ತಲೆಯೆತ್ತಿದರು. "ಮೊದಲನೇ ತುತ್ತಿಗೇ ಗೊತ್ತಾಯ್ತು," ಎಂದರು ಮೆಲ್ಲಗೆ. "ಹೇಳೋದು ಬೇಡ, ತಿಂದ್ಬಿಡೋಣ ಅಂತ ನೋಡಿದೆ. ಆಗ್ಲಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕೆಂದು ಅವನಿಗೂ ಅನಿಸಿತು. ಆದರೆ ನಾಲಗೆಯ ಮೇಲೆ ಯಾರದೋ ಮಾತು ಆಗಲೇ ಬಂದು ಕೂತಿತ್ತು, ಬಹಳ ಮರ್ಯಾದೆಯಿಂದ.

"ನಮ್ಮ ಹಿಟ್ಟಿನಲ್ಲಿ ದೋಷ ಇಲ್ಲ, ಸಾರ್. ಬೇರೆ ಯಾರೂ ಹೇಳಿಲ್ಲ."

ಸತ್ಯಮೂರ್ತಿ ಎದ್ದರು. ಗಲ್ಲಾದ ಮೇಲೆ ದೋಸೆಯ ಪೂರ್ತಿ ದುಡ್ಡು ಇಟ್ಟರು. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಚಪ್ಪರದ ನೆರಳು ದಾಟಿ, ಬಿಸಿಲಿಗೆ ಇಳಿದು ಹೋದರು. ಮೇಜಿನವರು ತಮ್ಮ ತಮ್ಮ ತಟ್ಟೆಗಳ ಕಡೆ ತಿರುಗಿದರು. ಒಬ್ಬ ಹುಡುಗಿ ತನ್ನ ದೋಸೆಯನ್ನು ಮೂಸಿ ನೋಡಿ ಬದಿಗೆ ಸರಿಸಿದಳು, ಯಾರನ್ನೂ ಕರೆಯಲಿಲ್ಲ.

ಮೋನಪ್ಪ ಭೀಮರಾಯನ ಕೈಯಲ್ಲಿದ್ದ ತಟ್ಟೆಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಹುಳಿ, ಗಂಟಲು ಹಿಡಿಯುವಷ್ಟು ಹುಳಿ. ಎಂಜಲೆಂದು ಉಗಿಯಲೂ ಇಲ್ಲ, ನುಂಗಿದ.

"ಬ್ಯಾರೇದು ಹಾಕಸ್ಲೇನ್ರಿ?" ಎಂದ ಭೀಮರಾಯ.

"ಯಾರಿಗೆ?" ಎಂದ ಮೋನಪ್ಪ.